ಫ್ರಾನ್ಸಿನ ಟೂಲೂಸ್‌ನಲ್ಲಿ ಮಕ್ಕಳ ಜೊತೆ ದಿನನಿತ್ಯದ ಬದುಕು ಹೇಗಿರುತ್ತದೆ? ರಜೆಯಲ್ಲಿ ಎಲ್ಲೆಲ್ಲಿ ಸುತ್ತಬಹುದು?

ನಿಮ್ಮ ಯಜಮಾನರಿಗೆ ಬೆಂಗಳೂರಿನಿಂದ ಟೂಲೂಸ್‌ಗೆ ವರ್ಗವಾಗಿದೆ, ಏಳು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳಿದ್ದಾರೆ, ಮನೆಯವರೆಲ್ಲ ಸಸ್ಯಾಹಾರಿಗಳು ಅಂತ ಬರೆದಿದ್ದೀರಿ. ದಿನ ಹೇಗೆ ಕಳೆಯುತ್ತದೆ, ಊಟಕ್ಕೆ ತೊಂದರೆಯಾಗುತ್ತದಾ, ಸುತ್ತಾಡಲು ಏನಿದೆ ಅಂತ ಕೇಳಿದ್ದೀರಿ. ನಾವೂ ಹಾಗೇ ಬಂದವರು. ವಿಮಾನ ತಯಾರಿಸುವ ಏರ್‌ಬಸ್ ಕಂಪನಿ ಇರುವುದರಿಂದ ಬೆಂಗಳೂರಿಗೂ ಟೂಲೂಸ್‌ಗೂ ಎಂಜಿನಿಯರುಗಳ ಓಡಾಟ ಇದ್ದೇ ಇದೆ. ಬ್ಲಾನ್ಯಾಕ್, ಕೊಲೊಮಿಯೆ ಕಡೆಯ ಬಸ್ಸಿನಲ್ಲಿ ಕೂತರೆ ಆಗಾಗ ಕನ್ನಡ ಕಿವಿಗೆ ಬೀಳುತ್ತದೆ.

ಮೊದಲು ಒಂದು ಮಾತು. ಇಲ್ಲಿ ಇಡೀ ಊರು ಒಂದೇ ಗಡಿಯಾರಕ್ಕೆ ನಡೆಯುತ್ತದೆ. ಆ ಗಡಿಯಾರಕ್ಕೆ ನಿಮ್ಮ ಮನೆ ಹೊಂದಿಕೊಂಡರೆ ಬದುಕು ತುಂಬಾ ಚೆನ್ನಾಗಿರುತ್ತದೆ. ಬೆಂಗಳೂರಿನ ಹೊತ್ತನ್ನೇ ಇಲ್ಲಿಗೂ ತಂದರೆ ಪ್ರತಿಯೊಂದೂ ಕಿರಿಕಿರಿ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟದ ಹೊತ್ತು. ಎಷ್ಟೋ ಸಣ್ಣ ಅಂಗಡಿ, ಕಚೇರಿಗಳು ಆಗ ಬಾಗಿಲು ಹಾಕಿರುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ತರಕಾರಿ ಬೇಕು ಅಂದರೆ ಪರದಾಡಬೇಕು. ಮೇ 1ರಂದು ಬಹುತೇಕ ಎಲ್ಲವೂ ಬಂದ್. ರಾತ್ರಿ ಹತ್ತರ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಸದ್ದು ಮಾಡುವ ಹಾಗಿಲ್ಲ, ಬೆಳಗ್ಗೆ ಆರಕ್ಕೆ ಮಿಕ್ಸಿ ಹಾಕುವ ಹಾಗೂ ಇಲ್ಲ. ಚಟ್ನಿ ಹಿಂದಿನ ಸಂಜೆಯೇ ರುಬ್ಬಿಟ್ಟುಕೊಳ್ಳಿ. ಅಂಗಡಿಗೆ ಕಾಲಿಟ್ಟ ತಕ್ಷಣ, ಲಿಫ್ಟಿನಲ್ಲಿ ಯಾರಾದರೂ ಸಿಕ್ಕ ತಕ್ಷಣ ಬೋಂಜೂರ್ ಅನ್ನಿ. ಅನ್ನದೇ ಮಾತು ಶುರು ಮಾಡಿದರೆ ಎದುರಿನವರ ಮುಖ ಗಂಟಾಗುತ್ತದೆ.

ನಿಮ್ಮ ದಿನವನ್ನು ನಿಜವಾಗಿ ನಡೆಸುವುದು ಮಕ್ಕಳ ಶಾಲೆ. ಇಲ್ಲಿ 2019ರಿಂದ ಮೂರು ವರ್ಷ ತುಂಬಿದ ಮಕ್ಕಳಿಗೆ ಶಿಕ್ಷಣ ಕಡ್ಡಾಯ. ಹಾಗಾಗಿ ನಿಮ್ಮ ಇಬ್ಬರನ್ನೂ ಬಂದ ಕೂಡಲೇ ಸೇರಿಸಬೇಕು. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಮೊದಲು ಹೋಗಬೇಕಾದದ್ದು ಮೆರಿ ಅನ್ನುವ ಪುರಸಭೆ ಕಚೇರಿಗೆ. ಮನೆಯ ವಿಳಾಸ ನೋಡಿ ಶಾಲೆ ಗೊತ್ತು ಮಾಡುವವರು ಅವರೇ. ಲಸಿಕೆ ಪುಸ್ತಕ, ಜನನ ಪತ್ರ, ಬಾಡಿಗೆ ಕರಾರು ಕೇಳುತ್ತಾರೆ. ಸರ್ಕಾರಿ ಶಾಲೆ ಅಂದ ಕೂಡಲೇ ಊರಿನಲ್ಲಿ ಅಜ್ಜಿ ತಾತ ಗಾಬರಿಯಾಗಬಹುದು. ಧೈರ್ಯವಾಗಿ ಸೇರಿಸಿ. ಪಕ್ಕದ ಮನೆಯ ಡಾಕ್ಟರ ಮಗುವೂ ಬೀದಿ ಕೊನೆಯ ಬೇಕರಿಯವರ ಮಗುವೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನನಗೆ ಈ ದೇಶದ ಮೇಲೆ ಅತಿ ಹೆಚ್ಚು ಗೌರವ ಹುಟ್ಟಿದ್ದು ಇದನ್ನು ನೋಡಿ.

ಭಾಷೆಯ ಚಿಂತೆ ನಿಮಗೆ ಜಾಸ್ತಿ ಇದೆ ಅಂತ ಗೊತ್ತಾಗುತ್ತದೆ. ನಾಲ್ಕು ವರ್ಷದ ಮಗು ಮೊದಲು ಸುಮ್ಮನೆ ಕೂತು ಕೇಳುತ್ತದೆ. ಆಮೇಲೆ ಒಂದು ದಿನ ಪೂರ್ತಿ ವಾಕ್ಯವನ್ನೇ ಹೇಳಿಬಿಡುತ್ತದೆ. ಆ ಮೌನದ ತಿಂಗಳುಗಳಲ್ಲಿ ತಾಯಿಗೆ ಸಂಕಟವಾಗುವುದು ಸಹಜ. ಆಗಲೂ ಮನೆಯಲ್ಲಿ ಕನ್ನಡ ಬಿಡಬೇಡಿ, ನಿಮ್ಮ ಅರೆಬರೆ ಫ್ರೆಂಚ್ ಮಗುವಿಗೆ ಬೇಕಾಗಿಲ್ಲ. ದೊಡ್ಡವರಿಗೆ, ಅಂದರೆ ಒಂದನೇ ತರಗತಿಯಿಂದ ಮೇಲಿನವರಿಗೆ, ಫ್ರೆಂಚ್ ಬಾರದೆ ಬಂದ ಮಕ್ಕಳಿಗಾಗಿಯೇ ಕಲಿಸುವ ವಿಶೇಷ ತರಗತಿಗಳಿವೆ. ಎಲ್ಲ ಶಾಲೆಯಲ್ಲೂ ಇರುವುದಿಲ್ಲ, ಸೇರಿಸುವಾಗಲೇ ಕೇಳಿ.

ಬುಧವಾರ ಕೆಲವು ಊರುಗಳಲ್ಲಿ ಪೂರ್ತಿ ರಜೆ, ಕೆಲವು ಕಡೆ ಮಧ್ಯಾಹ್ನದವರೆಗೆ ಮಾತ್ರ ಶಾಲೆ. ಈಜು, ಸಂಗೀತ, ಜೂಡೋ ತರಗತಿಗಳು ಹೆಚ್ಚಾಗಿ ಬುಧವಾರವೇ ಇರುತ್ತವೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಬೇಕು. ಪ್ರತಿ ಮಗುವಿನ ಕೈಗೂ ತಿಂಡಿ ಬರುತ್ತದೆ. ಒಂದು ತುಂಡು ಬಗೆತ್ ಬ್ರೆಡ್, ಅದರೊಳಗೆ ಚಾಕೊಲೇಟ್ ಪಟ್ಟಿ, ಇಲ್ಲವೇ ಇಲ್ಲಿನವರು ಶೊಕೊಲಾತೀನ್ ಅನ್ನುವ ಪದರ ಪದರದ ತಿಂಡಿ. ತಿನ್ನುತ್ತಾ ಪಕ್ಕದ ಪಾರ್ಕಿಗೆ ಓಡುತ್ತಾರೆ, ಅಮ್ಮಂದಿರು ಬೆಂಚಿನಲ್ಲಿ ಕೂರುತ್ತಾರೆ. ನೀವು ಮನೆಗೆ ಓಡಬೇಡಿ, ಅಲ್ಲೇ ಕೂತುಕೊಳ್ಳಿ. ನನಗೆ ಇಲ್ಲಿ ಸಿಕ್ಕ ಗೆಳತಿಯರೆಲ್ಲ ಆ ಬೆಂಚಿನವರು. ಒಳ್ಳೆಯ ಮಕ್ಕಳ ಡಾಕ್ಟರ್ ಯಾರು, ಹಳೆಯ ಸೈಕಲ್ ಎಲ್ಲಿ ಸಿಗುತ್ತದೆ, ಪುರಸಭೆಯ ಬೇಸಿಗೆ ಶಿಬಿರಕ್ಕೆ ಹೆಸರು ಯಾವಾಗ ಕೊಡಬೇಕು, ಎಲ್ಲ ಅಲ್ಲೇ ತಿಳಿಯುತ್ತದೆ.

ಈಗ ಊಟ. ಶಾಲೆಯ ಕ್ಯಾಂಟೀನಿನಲ್ಲಿ ವಾರಕ್ಕೆ ಒಂದು ಸಲವಾದರೂ ಸಸ್ಯಾಹಾರದ ಊಟ ಇರಲೇಬೇಕು ಅಂತ ಕಾನೂನೇ ಇದೆ. ಮಾಂಸವಿಲ್ಲದ ಊಟವನ್ನು ದಿನವೂ ಆರಿಸುವ ಅವಕಾಶ ಹಲವು ಊರುಗಳಲ್ಲಿದೆ. ಆದರೆ ಮಾಂಸವಿಲ್ಲ ಅಂದರೆ ಮೀನು, ಮೊಟ್ಟೆ ಇಲ್ಲ ಅಂತ ಅರ್ಥವಲ್ಲ. ಅದನ್ನು ಬಿಡಿಸಿ ಬಿಡಿಸಿ ಕೇಳಿ. ಮಧ್ಯಾಹ್ನದ ಬಿಡುವು ಉದ್ದವಾಗಿರುವುದರಿಂದ ಮಗುವನ್ನು ಮನೆಗೆ ಕರೆತಂದು ಊಟ ಮಾಡಿಸಿ ಮತ್ತೆ ಬಿಟ್ಟು ಬರಬಹುದು. ಮನೆ ಹತ್ತಿರವಿದ್ದವರು ಮೊದಲ ತಿಂಗಳುಗಳಲ್ಲಿ ಹಾಗೆ ಮಾಡುತ್ತಾರೆ.

ಮೊಟ್ಟೆಯನ್ನೂ ಮುಟ್ಟದವರಾದರೆ ಬೇಕರಿಯಲ್ಲಿ ಬಗೆತ್ ಟ್ರಡಿಸ್ಯೋನ್ ಕೇಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಅದು ಮೂಲತಃ ಹಿಟ್ಟು, ನೀರು, ಉಪ್ಪು, ಹುದುಗು ಅಷ್ಟೇ. ಕ್ರೊಯ್ಸಾಂ ಅನ್ನುವ ಬೆಣ್ಣೆಯ ಪದರದ ತಿಂಡಿಗೆ ಹೊಳಪು ಬರಲೆಂದು ಮೇಲೆ ಮೊಟ್ಟೆ ಸವರುವುದುಂಟು. ಕೋಂತೆ, ಕಮಾಂಬೇರ್, ರೊಕ್‌ಫೋರ್‌ನಂಥ ಹೆಸರುವಾಸಿ ಚೀಸ್‌ಗಳ ಹಾಲು ಒಡೆಯುವುದೇ ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಪದಾರ್ಥದಿಂದ. ಮಕ್ಕಳ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ, ಹಿಂದಿನ ಚೀಟಿ ಓದಿ ತನ್ನಿ.

ಮನೆಯ ಅಡುಗೆಗೆ ಮಾತ್ರ ಏನೂ ಕೊರತೆಯಿಲ್ಲ. ಇಲ್ಲಿ ಉತ್ತರ ಆಫ್ರಿಕಾ ಮೂಲದವರು ತುಂಬಾ ಜನ. ಅವರ ಅಂಗಡಿಗಳಲ್ಲಿ ಕೊತ್ತಂಬರಿ, ಪುದೀನ ದೊಡ್ಡ ದೊಡ್ಡ ಕಟ್ಟು ಸಿಗುತ್ತದೆ, ಕಡಲೆಕಾಳು, ಮಸೂರ ಬೇಳೆಯೂ ಸಿಗುತ್ತದೆ. ಅವರು ಕುಸ್‌ಕುಸ್‌ಗೆ, ರೊಟ್ಟಿಗೆ ತರುವ ಗೋಧಿ ರವೆಯಲ್ಲಿ ಸಣ್ಣದು, ಮಧ್ಯಮ ಅಂತ ಬಗೆಗಳಿವೆ. ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು ಬೇಡ, ಹಸಿ ರವೆ ನೋಡಿ ತೆಗೆದುಕೊಳ್ಳಿ. ಮಧ್ಯಮ ರವೆಯಲ್ಲಿ ಉಪ್ಪಿಟ್ಟು ಉದುರುದುರಾಗಿ ಆಗುತ್ತದೆ. ತೊಗರಿಬೇಳೆ, ಸೋನಾ ಮಸೂರಿ, ಕರಿಬೇವು ಭಾರತದ ಅಥವಾ ಶ್ರೀಲಂಕಾದವರ ಅಂಗಡಿಯಲ್ಲಿ ಸಿಗುತ್ತವೆ. ಕರಿಬೇವು ದುಬಾರಿ, ಸಿಕ್ಕಾಗ ತಂದು ಫ್ರೀಜರಿನಲ್ಲಿಡಿ. ಉಪ್ಪು ಹಾಕದ ಬೆಣ್ಣೆ ತಂದು ಸಣ್ಣ ಉರಿಯಲ್ಲಿ ಕಾಯಿಸಿ, ಇಳಿಸುವಾಗ ಒಂದು ಎಸಳು ಕರಿಬೇವು ಹಾಕಿ. ಅಂಥ ತುಪ್ಪ ನಾನು ಬೆಂಗಳೂರಿನ ಯಾವ ಅಂಗಡಿಯಲ್ಲೂ ಕೊಂಡಿಲ್ಲ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರಲು ಪಾತ್ರೆಯನ್ನು ಓವನ್ನಿನೊಳಗೆ ಇಟ್ಟು ಒಳಗಿನ ದೀಪ ಮಾತ್ರ ಹಾಕಿಡಿ.

ಕಷ್ಟದ ಮಾತೂ ಹೇಳಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಮನೆಯಲ್ಲಿ ಇರುವವರಿಗೆ ತುಂಬಾ ಒಂಟಿ ಅನಿಸುತ್ತದೆ. ಡಿಸೆಂಬರಿನಲ್ಲಿ ಬೆಳಕಾಗುವಾಗ ಎಂಟು ದಾಟಿರುತ್ತದೆ, ಸಂಜೆ ಐದೂವರೆಗೆ ಕತ್ತಲು. ಮೇಲಿಂದ ಓತಾನ್ ಅನ್ನುವ ಗಾಳಿ ಬೀಸಲು ಶುರುವಾದರೆ ಒಂದೆರಡು ದಿನಕ್ಕೆ ನಿಲ್ಲುವುದಿಲ್ಲ, ತಲೆನೋವು ಬರುತ್ತದೆ. ಆಗ ಊರಿಗೆ ಫೋನ್ ಮಾಡುತ್ತಾ ಸೋಫಾ ಮೇಲೆ ಕೂತರೆ ಇನ್ನೂ ಕಷ್ಟ. ಬಂದ ತಿಂಗಳಿನಲ್ಲೇ ಫ್ರೆಂಚ್ ತರಗತಿಗೆ ಸೇರಿ, ಬಡಾವಣೆಯ ಸಂಘಗಳು ಕಡಿಮೆ ದುಡ್ಡಿಗೆ ನಡೆಸುತ್ತವೆ. ನಿಮ್ಮ ವೀಸಾ ಯಾವ ಬಗೆಯದು ಅಂತ ಈಗಲೇ ನೋಡಿಕೊಳ್ಳಿ. ನುರಿತ ಉದ್ಯೋಗಿಗಳಿಗೆ ಕೊಡುವ ಟ್ಯಾಲೆಂಟ್ ಅನ್ನುವ ವಾಸದ ಪರವಾನಗಿ ಇರುವವರ ಸಂಗಾತಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿದೆ. ಇದು ತಿಳಿಯದೆ ವರ್ಷಗಟ್ಟಲೆ ಮನೆಯಲ್ಲೇ ಉಳಿದ ಓದಿದ ಹೆಣ್ಣುಮಕ್ಕಳನ್ನು ನೋಡಿ ನನಗೆ ಬೇಜಾರಾಗಿದೆ.

ಸುತ್ತಾಟದ ವಿಷಯಕ್ಕೆ ಬರೋಣ. ಶಾಲೆಗೆ ಆರೇಳು ವಾರಕ್ಕೊಮ್ಮೆ ಎರಡು ವಾರ ರಜೆ ಬರುತ್ತದೆ. ಹೊಸದಾಗಿ ಬಂದವರು ಪ್ರತಿ ರಜೆಗೂ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ಅಂತ ಓಡುತ್ತಾರೆ. ಮಕ್ಕಳು ಸುಸ್ತು, ಜೇಬೂ ಖಾಲಿ. ನನ್ನ ಮಾತು ಕೇಳಿದರೆ ಮೊದಲ ವರ್ಷ ಟೂಲೂಸ್ ಸುತ್ತಮುತ್ತಲೇ ನೋಡಿ.

ಮೊದಲಿಗೆ ಕನಾಲ್ ದು ಮಿದಿ, ಊರ ನಡುವೆಯೇ ಹರಿಯುವ ಕಾಲುವೆ. ದಂಡೆಯ ಮೇಲೆ ಸೈಕಲ್ ದಾರಿ ಇದೆ, ಕಾಸ್ತಾನೆ ಕಡೆಗೆ ಸಾಗಿದರೆ ಲಾಕ್ ಗೇಟ್ ಸಿಗುತ್ತದೆ. ದೋಣಿ ಒಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ನೀರು ನುಗ್ಗುತ್ತದೆ. ಕೆಳಗಿದ್ದ ದೋಣಿ ನೋಡನೋಡುತ್ತಲೇ ಮೇಲೆದ್ದು ನಮ್ಮ ಕಾಲಿನ ಮಟ್ಟಕ್ಕೆ ಬರುತ್ತದೆ. ದೋಣಿಯವರು ಮಕ್ಕಳಿಗೆ ಕೈ ಬೀಸುತ್ತಾರೆ. ನನ್ನ ಮಗ ಇದನ್ನು ಎಷ್ಟು ಸಲ ನೋಡಿದರೂ ಅಲ್ಲಿಂದ ಹೊರಟು ಬರಲು ಒಪ್ಪುವುದಿಲ್ಲ. ಹಳೆಯ ಲಾಕ್‌ಗಳ ಗೋಡೆ ನೆಟ್ಟಗಿಲ್ಲ, ಹೊಟ್ಟೆ ಬಂದ ಹಾಗೆ ಬಾಗಿದೆ. ಹಿಂದಿನ ಮಣ್ಣಿನ ಒತ್ತಡ ತಡೆಯಲೆಂದು ಹಾಗೆ ಕಟ್ಟಿದ್ದಾರೆ. ಇದನ್ನು ಮಾಡಿಸಿದವನು ಪಿಯೆರ್-ಪೋಲ್ ರಿಕೆ. 1666ರಲ್ಲಿ ಶುರುವಾದ ಕೆಲಸ 1681ರಲ್ಲಿ ಮುಗಿಯಿತು, ಅವನು ಅದಕ್ಕೂ ಕೆಲವು ತಿಂಗಳ ಮೊದಲೇ, 1680ರಲ್ಲಿ ತೀರಿಕೊಂಡ. ಗುಡ್ಡದ ಹಳ್ಳಗಳ ನೀರನ್ನು ನೊರೂಜ್ ಅನ್ನುವ ಎತ್ತರದ ಜಾಗಕ್ಕೆ ತಂದು, ಅಲ್ಲಿಂದ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆಗೆ ಹರಿಯುವಂತೆ ಮಾಡಿದ. ದಂಡೆಯ ಪ್ಲೇನ್ ಮರಗಳಿಗೆ ಶಿಲೀಂಧ್ರ ರೋಗ ಬಂದು ಸಾವಿರಾರು ಮರ ಕಡಿಯಬೇಕಾಯಿತು. ಬೋಳಾದ ಕಡೆಗಳಲ್ಲಿ ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ.

ಎರಡನೆಯದು ಸಿತೆ ದ ಲೆಸ್ಪಾಸ್, ಬಾಹ್ಯಾಕಾಶದ ಉದ್ಯಾನ. ಅಂಗಳದಲ್ಲಿ ನಿಜವಾದ ಅಳತೆಯ ಏರಿಯಾನ್ 5 ರಾಕೆಟ್ಟಿನ ಮಾದರಿ ನಿಂತಿದೆ. ಅದರ ಕೆಳಗೆ ನಿಂತು ಮಕ್ಕಳಿಗೆ ನಮ್ಮ ಕಥೆ ಹೇಳಿ. ಬೆಂಗಳೂರಿನಲ್ಲಿ ಕಟ್ಟಿದ ಇಸ್ರೋದ ಆಪಲ್ ಉಪಗ್ರಹ 1981ರ ಜೂನ್‌ನಲ್ಲಿ ಇದೇ ಏರಿಯಾನ್ ಮನೆತನದ ಏರಿಯಾನ್ 1 ರಾಕೆಟ್ಟಿನ ಮೇಲೆ ಹಾರಿತು. ಪರೀಕ್ಷೆಗಾಗಿ ಅದನ್ನು ಎತ್ತಿನ ಗಾಡಿಯ ಮೇಲಿಟ್ಟ ಫೋಟೋ ನೀವೂ ನೋಡಿರುತ್ತೀರಿ ಅಲ್ವಾ? ನನ್ನ ಮಗಳು ಆ ಫೋಟೋವನ್ನು ತರಗತಿಗೆ ಒಯ್ದು ತೋರಿಸಿದಳು. ಆ ದಿನ ಅವಳ ಮುಖದಲ್ಲಿದ್ದ ಹೆಮ್ಮೆ ಕಂಡು ನನಗೂ ಕಣ್ಣು ತುಂಬಿ ಬಂತು.

ಕಾರ್ಕಸೋನ್ ಕೋಟೆಗೆ ಟೂಲೂಸ್‌ನ ಮತಾಬಿಯೊ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಎರಡು ಸುತ್ತಿನ ಗೋಡೆ, 52 ಬುರುಜು. ಕೋಟೆಯ ಬೀದಿಗಳಿಗೆ ಟಿಕೆಟ್ ಇಲ್ಲ. ಒಳಗಿನ ಅರಮನೆಗೆ ಇದೆ, ಮಕ್ಕಳಿಗೆ ಉಚಿತ. ಬಾಗಿಲಲ್ಲಿ ದಾಮ್ ಕಾರ್ಕಾ ಅನ್ನುವ ಹೆಂಗಸಿನ ಕಲ್ಲಿನ ಮುಖ ಇದೆ. ಶತ್ರುಗಳು ಮುತ್ತಿಗೆ ಹಾಕಿದಾಗ ಅವಳು ಉಳಿದ ಗೋಧಿಯನ್ನು ಒಂದು ಹಂದಿಗೆ ತಿನ್ನಿಸಿ ಗೋಡೆಯಿಂದಾಚೆ ಎಸೆಸಿದಳಂತೆ. ಹಂದಿಗೂ ಗೋಧಿ ಹಾಕುವಷ್ಟು ದವಸ ಒಳಗಿದೆ ಅಂದುಕೊಂಡು ಶತ್ರುಗಳು ಹೊರಟುಹೋದರು ಅಂತ ಐತಿಹ್ಯ. ಚಿತ್ರದುರ್ಗದ ಓಬವ್ವನ ಕಥೆ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಕಾಗಿಲ್ಲ. ಆಲ್ಬಿ ಕೂಡ ಒಂದು ಗಂಟೆಯ ದಾರಿ, ಕೆಂಪು ಇಟ್ಟಿಗೆಯ ದೊಡ್ಡ ಚರ್ಚ್ ಇದೆ. ಸಮುದ್ರ ಬೇಕಾದರೆ ನಾರ್ಬೋನ್ ಕಡೆಯ ಕರಾವಳಿ.

ಬೇಸಿಗೆಯಲ್ಲಿ ತಪ್ಪಿಸಬಾರದ್ದು ಪಿರನೀಸ್ ಬೆಟ್ಟಗಳ ಗವಾರ್ನಿ. ಲೂರ್ದ್‌ವರೆಗೆ ರೈಲು, ಅಲ್ಲಿಂದ ಬಸ್ಸು, ಬೇಗ ಹೊರಟರೆ ಒಳ್ಳೆಯದು. ಹಳ್ಳಿಯಿಂದ ಹೊಳೆಯ ಪಕ್ಕ ಒಂದು ಗಂಟೆ ನಡೆದರೆ ಮೂರೂ ಕಡೆ ಬಂಡೆಯ ಗೋಡೆ, ಸುಮಾರು 420 ಮೀಟರಿನಿಂದ ಬೀಳುವ ಜಲಪಾತ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ. ಬೆಟ್ಟದ ಮೇಲೆ ಸಸ್ಯಾಹಾರಿಗಳಿಗೆ ಆಮ್ಲೆಟ್ ಬಿಟ್ಟರೆ ಜಾಸ್ತಿ ಏನೂ ಸಿಗುವುದಿಲ್ಲ. ಜೂನಿನಲ್ಲಿ ಸೂರ್ಯ ಮುಳುಗುವಾಗ ಒಂಬತ್ತೂವರೆ ದಾಟಿರುತ್ತದೆ, ಆದರೂ ವಾಪಸ್ ಬಸ್ಸಿನ ಹೊತ್ತು ನೋಡಿಕೊಂಡಿರಿ.

ಪ್ಯಾರಿಸ್‌ಗೆ ನೇರ ರೈಲಿನಲ್ಲಿ ನಾಲ್ಕು ಗಂಟೆಗೂ ಸ್ವಲ್ಪ ಜಾಸ್ತಿ. ಹೋಗುವುದಾದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಸುಮಾರಿಗೆ ಲಾ ಶಾಪೆಲ್ ಬಡಾವಣೆಯ ಗಣಪತಿ ತೇರಿಗೆ ಹೊಂದಿಸಿಕೊಳ್ಳಿ. ಶ್ರೀಲಂಕಾ ತಮಿಳರ ದೇವಸ್ಥಾನ, ರಸ್ತೆ ತುಂಬ ತೆಂಗಿನಕಾಯಿ ಒಡೆಯುತ್ತಾರೆ. ಸಾರಿನ ಪುಡಿ, ಹಪ್ಪಳ, ನುಗ್ಗೆಕಾಯಿ ಎಲ್ಲ ಅಲ್ಲೇ ಕೊಂಡು ತರಬಹುದು.

ಹೊರಡುವ ಮೊದಲು ನಿಮ್ಮ ಮದುವೆ ಪತ್ರ, ಮಕ್ಕಳ ಜನನ ಪತ್ರಗಳಿಗೆ ಅಪಾಸ್ಟಿಲ್, ಅಂದರೆ ಹೊರದೇಶದವರು ಒಪ್ಪುವ ಸರ್ಕಾರಿ ದೃಢೀಕರಣ, ಮಾಡಿಸಿಕೊಳ್ಳಿ. ಫ್ರೆಂಚಿಗೆ ಅನುವಾದ ಮಾತ್ರ ಇಲ್ಲಿನ ಅಧಿಕೃತ ಅನುವಾದಕರಿಂದಲೇ ಮಾಡಿಸಿ. ಆರೋಗ್ಯ ವಿಮೆಯ ಕಾರ್ಡಿಗೂ ಆಮೇಲಿನ ಅರ್ಜಿಗಳಿಗೂ ಅವೇ ಪತ್ರ ಮತ್ತೆ ಮತ್ತೆ ಬೇಕಾಗುತ್ತವೆ. ಮಿಕ್ಸಿ ಧಾರಾಳವಾಗಿ ತನ್ನಿ, ಕರೆಂಟು ನಮ್ಮಲ್ಲಿಯಂತೆ 230 ವೋಲ್ಟ್, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಇಲ್ಲಿ ಬಾಡಿಗೆ ಮನೆಗಳಲ್ಲಿ ಬಹಳಷ್ಟು ಕಡೆ ಇಂಡಕ್ಷನ್ ಒಲೆ, ಅದಕ್ಕೆ ಅಲ್ಯೂಮಿನಿಯಂ ಕುಕ್ಕರ್ ನಡೆಯುವುದಿಲ್ಲ. ಇಂಡಕ್ಷನ್‌ಗೆ ಆಗುವ ಸ್ಟೀಲ್ ಕುಕ್ಕರ್ ಕೊಳ್ಳಿ, ಜೊತೆಗೆ ಎರಡು ಮೂರು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಇಟ್ಟುಕೊಳ್ಳಿ. ಮನೆ ಯಾವ ಬಡಾವಣೆಯಲ್ಲಿ ಅಂತ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಹತ್ತಿರದ ಶಾಲೆ, ಮಾರ್ಕೆಟ್ ಬಗ್ಗೆ ನನಗೆ ಗೊತ್ತಿರುವುದನ್ನು ತಿಳಿಸುತ್ತೇನೆ.