ಲೋ ಸೋಡಿಯಂ ಉಪ್ಪು: ಚೀನಾದ ಹಳ್ಳಿಗಳಲ್ಲಿ ಕಂಡದ್ದು

ತಾಯಿಯವರ ಬಿಪಿಗೆ ಲೋ ಸೋಡಿಯಂ ಉಪ್ಪು ನಿಜಕ್ಕೂ ಉಪಯೋಗವಾ, ಸುಮ್ನೆ ಜಾಹೀರಾತಾ ಅಂತ ಕೇಳಿದ್ದೀರಿ. ಉಪಯೋಗ ಇದೆ. ಸಂಶೋಧಕ ಬ್ರೂಸ್ ನೀಲ್ ಮತ್ತು ಸಂಗಡಿಗರು ಚೀನಾದ 600 ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿ, 2021ರಲ್ಲಿ ಪ್ರಕಟಿಸಿದರು. ಸುಮಾರು 21,000 ಜನ. ಹಿಂದೆ ಪಾರ್ಶ್ವವಾಯು ಆದವರು, ಇಲ್ಲವೇ 60 ದಾಟಿದ, ಬಿಪಿ ಸರಿಯಾಗಿ ಹತೋಟಿಗೆ ಬಾರದವರು. ಅರ್ಧ ಹಳ್ಳಿಗಳಿಗೆ ಲೋ ಸೋಡಿಯಂ ಉಪ್ಪು, ಅಂದರೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು, ಉಳಿದವರು ಮಾಮೂಲಿ ಉಪ್ಪನ್ನೇ ತಿಂದರು.

ಮೇಲಿನ ಬಿಪಿ ಇಳಿದದ್ದು ಸರಾಸರಿ 3 ಪಾಯಿಂಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಸುಮಾರು ಐದು ವರ್ಷದಲ್ಲಿ ಪಾರ್ಶ್ವವಾಯು ಶೇ. 14ರಷ್ಟು, ಸಾವು ಶೇ. 12ರಷ್ಟು ಕಡಿಮೆಯಾಯಿತು. ನನಗೆ ಮುಖ್ಯ ಅನ್ನಿಸುವುದು ಇದೇ.

ಆ ಹಳ್ಳಿಗಳಲ್ಲಿ ಉಪ್ಪು ಹೆಚ್ಚಾಗಿ ಒಳಸೇರುವುದು ಮನೆ ಅಡುಗೆಯಿಂದ. ಹಾಗಾಗಿ ಡಬ್ಬಿ ಬದಲಿಸಿದರೆ ಸಾಕಾಯಿತು. ಅಂಗಡಿ ಚಿಪ್ಸ್, ಉಪ್ಪಿನಕಾಯಿ ಜಾಸ್ತಿ ತಿನ್ನುವವರಿಗೆ ಇಷ್ಟು ಲಾಭ ಸಿಗಲಿಕ್ಕಿಲ್ಲ.

ಒಂದು ವಿಷಯ ಮಾತ್ರ ಮರೆಯಬೇಡಿ. ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು, ಪೊಟ್ಯಾಸಿಯಂ ಉಳಿಸುವ ಮೂತ್ರದ ಮಾತ್ರೆ ತಗೊಳ್ಳುವವರನ್ನು ಈ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅಂಥವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ತೊಂದರೆ ಆಗಬಹುದು. ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆಯೂ ಪೊಟ್ಯಾಸಿಯಂ ಏರಿಸಬಲ್ಲದು. ತಾಯಿಯವರ ಮಾತ್ರೆ ಚೀಟಿ ಡಾಕ್ಟರಿಗೆ ತೋರಿಸಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಆಮೇಲೆ ಆ ಉಪ್ಪು ತನ್ನಿ.