ಕಪ್ ಗೆದ್ದ ನೇಕಾರರಿಗೆ ಪುಟ ಕೊಟ್ಟದ್ದು ಹೆಚ್ಚಾಯಿತೇ?

ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದ ಬ್ಲ್ಯಾಕ್‌ಬರ್ನ್ ಊರಿನ ಹಳೆಯ ಫುಟ್‌ಬಾಲ್ ಕ್ಲಬ್ಬೊಂದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ‘ಬ್ಲ್ಯಾಕ್‌ಬರ್ನ್ ಒಲಿಂಪಿಕ್’ ಲೇಖನವನ್ನು ಓದಿ ಮೈಸೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ತಮ್ಮ ಹೆಸರು ಬೇಡವೆಂದಿದ್ದಾರೆ. ಅವರ ಆಕ್ಷೇಪದ ಸಾರ ಇಷ್ಟು: “ಹನ್ನೊಂದು ವರ್ಷ ಬಾಳಿ, ಒಂದೇ ಒಂದು ಎಫ್.ಎ. ಕಪ್ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಪಂದ್ಯಾವಳಿ) ಗೆದ್ದು, 1889ರಲ್ಲಿ ಬಾಗಿಲು ಮುಚ್ಚಿದ ಕ್ಲಬ್ಬಿಗೆ ಇಷ್ಟೊಂದು ಪುಟಗಳೇಕೆ? ಅದೇ ಊರಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಇಂದಿಗೂ ಆಡುತ್ತಿದೆ. ಇತಿಹಾಸ ಬರೆಯುವುದಾದರೆ ಅದರದ್ದನ್ನು ಬರೆಯಿರಿ. ಅಲ್ಲದೆ ಒಲಿಂಪಿಕ್ ಗೆದ್ದದ್ದು ನಿಯಮ ಮೀರಿ ಆಟಗಾರರಿಗೆ ಹಣ ಕೊಟ್ಟು ಎಂಬ ಮಾತೂ ಇದೆಯಲ್ಲ. ಯಾರಿಗೂ ನೆನಪಿಲ್ಲದ ಆಟಗಾರರ ಈ ಮಾಲೆಯನ್ನು ನಿಲ್ಲಿಸುವುದು ಒಳ್ಳೆಯದು.”

ಮಾನ್ಯರೇ, ತಮ್ಮ ಪತ್ರ ಅಚ್ಚುಕಟ್ಟಾಗಿದೆ. ಇಸವಿಗಳನ್ನು ಸರಿಯಾಗಿ ಕೊಟ್ಟಿದ್ದೀರಿ. ಲೇಖನವನ್ನು ಪೂರ್ತಿ ಓದಿಯೇ ಬರೆದಿದ್ದೀರಿ ಎಂಬುದು ಪ್ರತಿ ಸಾಲಿನಲ್ಲೂ ಕಾಣುತ್ತದೆ. ಇತಿಹಾಸದ ವಿದ್ಯಾರ್ಥಿ ಎಂದು ತಮ್ಮನ್ನು ಪರಿಚಯಿಸಿಕೊಂಡಿರುವುದರಿಂದಲೇ ಈ ಉತ್ತರವನ್ನು ನಾಲ್ಕು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ತಮ್ಮ ಮಾತಿನಲ್ಲಿ ನ್ಯಾಯವಿಲ್ಲ ಎನ್ನಲಾರೆ. 1875ರಲ್ಲಿ ಹುಟ್ಟಿದ ರೋವರ್ಸ್ 1884, 1885, 1886ರಲ್ಲಿ ಸತತವಾಗಿ ಮೂರು ಬಾರಿ ಕಪ್ ಗೆದ್ದಿತು, ಒಟ್ಟು ಆರು ಬಾರಿ ಗೆದ್ದಿದೆ, 1995ರಲ್ಲಿ ಪ್ರೀಮಿಯರ್ ಲೀಗನ್ನೂ ಗೆದ್ದಿತು. ಅಷ್ಟು ದೀರ್ಘಕಾಲ ಒಂದು ಊರಿನ ಜನರನ್ನು ಹಿಡಿದಿಟ್ಟುಕೊಂಡ ಕ್ಲಬ್ಬಿಗೆ ಗೌರವ ಸಲ್ಲಲೇಬೇಕು. ಆದರೆ ಆ ಗೌರವಕ್ಕೆ ಕೊರತೆ ಎಲ್ಲಿದೆ? ರೋವರ್ಸ್ ಬಗ್ಗೆ ಪುಸ್ತಕಗಳಿವೆ, ಅದಕ್ಕೆ ಕ್ರೀಡಾಂಗಣವಿದೆ, ಅಭಿಮಾನಿಗಳಿದ್ದಾರೆ. ಒಲಿಂಪಿಕ್‌ಗೆ ಇವುಗಳಲ್ಲಿ ಯಾವುದೂ ಉಳಿದಿಲ್ಲ. ಹಾಗಿರುವಾಗ ಪತ್ರಿಕೆಯೊಂದು ತನ್ನ ಪುಟವನ್ನು ಯಾರಿಗೆ ಮೀಸಲಿಡಬೇಕು ಎಂಬುದರಲ್ಲಿ ನನಗೆ ಸಂದೇಹವೇ ಇಲ್ಲ.

1883ರ ಮಾರ್ಚ್ 31ರ ಶನಿವಾರ ಲಂಡನ್‌ನ ಕೆನಿಂಗ್‌ಟನ್ ಓವಲ್ ಮೈದಾನಕ್ಕಿಳಿದ ಆ ಹನ್ನೊಂದು ಮಂದಿಯನ್ನು ಒಮ್ಮೆ ನೋಡಿ. ಗೋಲ್‌ಕೀಪರ್ ಥಾಮಸ್ ಹ್ಯಾಕಿಂಗ್ ದಂತವೈದ್ಯರೊಬ್ಬರ ಸಹಾಯಕ. ನಾಯಕ ಆಲ್ಬರ್ಟ್ ವಾರ್‌ಬರ್ಟನ್ ಪ್ಲಂಬರ್. ಜೇಮ್ಸ್ ವಾರ್ಡ್ ಹತ್ತಿ ಗಿರಣಿಯಲ್ಲಿ ಯಂತ್ರ ನಡೆಸುತ್ತಿದ್ದವರು. ಥಾಮಸ್ ಗಿಬ್ಸನ್ ಕಬ್ಬಿಣದ ಎರಕದ ಕಾರ್ಖಾನೆಯ ಕಾರ್ಮಿಕ. ವಿಲಿಯಂ ಆಸ್ಟ್‌ಲಿ, ಥಾಮಸ್ ಡ್ಯೂಹರ್ಸ್ಟ್, ಜಾನ್ ಯೇಟ್ಸ್ ಈ ಮೂವರೂ ನೇಕಾರರು. ಜಿಮ್ಮಿ ಕಾಸ್ಟ್‌ಲಿ ನೂಲುವವರು. ಆರ್ಥರ್ ಮ್ಯಾಥ್ಯೂಸ್ ಚಿತ್ರಪಟಗಳಿಗೆ ಕಟ್ಟು ಹಾಕಿ ಜೀವನ ಸಾಗಿಸುತ್ತಿದ್ದರು. ಜಾರ್ಜ್ ವಿಲ್ಸನ್ ಗುಮಾಸ್ತ. ಜ್ಯಾಕ್ ಹಂಟರ್ ಪಬ್ ನಡೆಸುತ್ತಿದ್ದರು. ಷೆಫೀಲ್ಡ್‌ನಿಂದ ಬಂದಿದ್ದ ಅವರು ಇಂಗ್ಲೆಂಡ್ ಪರ ಆಡಿದ್ದವರು, ಈ ತಂಡಕ್ಕೆ ಆಟಗಾರರೂ ಹೌದು, ಗುರುವೂ ಹೌದು.

ಎದುರಿಗೆ ನಿಂತದ್ದು ಹಿಂದಿನ ವರ್ಷವಷ್ಟೇ ರೋವರ್ಸನ್ನು ಸೋಲಿಸಿ ಕಪ್ ಗೆದ್ದಿದ್ದ ಓಲ್ಡ್ ಈಟೋನಿಯನ್ಸ್, ಅಂದರೆ ಈಟನ್ ಶಾಲೆಯಲ್ಲಿ ಓದಿದ ಶ್ರೀಮಂತ ಮನೆತನಗಳ ಯುವಕರ ತಂಡ. ಅದರ ನಾಯಕ ಆರ್ಥರ್ ಕಿನ್ನೇರ್ಡ್ ಬ್ಯಾಂಕರ್, ಮುಂದೆ ಲಾರ್ಡ್ ಪದವಿಗೆ ಬಂದವರು, ಒಂಬತ್ತು ಫೈನಲ್‌ಗಳನ್ನು ಆಡಿದವರು. 1872ರ ಮೊದಲ ಫೈನಲ್‌ನಿಂದ ಅಲ್ಲಿಯವರೆಗೆ ಆ ಕಪ್ ಇಂಥವರ ತಂಡಗಳನ್ನು ಬಿಟ್ಟು ಹೊರಗೆ ಹೋಗಿರಲಿಲ್ಲ. ಮೊದಲ ಗೋಲನ್ನೂ ಈಟನ್ನಿನ ಹ್ಯಾರಿ ಗುಡ್‌ಹಾರ್ಟ್ ಅವರೇ ಹೊಡೆದರು. ಮ್ಯಾಥ್ಯೂಸ್ ಸಮ ಮಾಡಿದರು. ತೊಂಬತ್ತು ನಿಮಿಷ ಮುಗಿದಾಗ 1–1. ಈಟೋನಿಯನ್ಸ್‌ನ ಆರ್ಥರ್ ಡನ್ ಗಾಯಗೊಂಡು ಹೊರಗೆ ಹೋಗಿದ್ದರು. ಅರ್ಧ ಗಂಟೆಯ ಹೆಚ್ಚುವರಿ ಆಟದಲ್ಲಿ ಜಾನ್ ಯೇಟ್ಸ್ ಮೈದಾನದ ಅಡ್ಡಕ್ಕೆ ಕಳಿಸಿದ ಚೆಂಡನ್ನು ಕಾಸ್ಟ್‌ಲಿ ಗೋಲಿನೊಳಕ್ಕೆ ಅಟ್ಟಿದರು. ನೇಕಾರ ಕೊಟ್ಟ ಚೆಂಡನ್ನು ನೂಲುವವನು ಗೋಲು ಮಾಡಿದ. ಇಂಗ್ಲೆಂಡಿನ ಫುಟ್‌ಬಾಲ್ ಒಂದು ವರ್ಗದ ಕೈಯಿಂದ ಇನ್ನೊಂದು ವರ್ಗದ ಕೈಗೆ ದಾಟಿದ್ದು ಆ ಒಂದು ಪಾಸಿನಲ್ಲಿ ಎಂದು ನಾನು ನಂಬಿದ್ದೇನೆ. ಇದನ್ನು ದಾಖಲಿಸಲು ಎರಡು ಪುಟ ಹೆಚ್ಚಾಯಿತು ಎನ್ನುತ್ತೀರಿ, ಎರಡೇ ಪುಟ ಕೊಟ್ಟೆನಲ್ಲ ಎಂಬುದು ನನ್ನ ಕೊರಗು.

ಆ ಗೆಲುವು ಆಕಸ್ಮಿಕವೂ ಅಲ್ಲ. ಈಟನ್ನಿನವರು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮುನ್ನುಗ್ಗುವ ಆಟದಲ್ಲಿ ಪಳಗಿದವರು. ಒಲಿಂಪಿಕ್ ತಂಡ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಉದ್ದನೆಯ ಪಾಸ್ ಕೊಟ್ಟು ಎದುರಾಳಿಗಳನ್ನು ಓಡಿಸಿ ದಣಿಸುವುದನ್ನು ರೂಢಿಸಿಕೊಂಡಿತ್ತು. ದೊಡ್ಡ ಪಂದ್ಯಕ್ಕೆ ಮುಂಚೆ ಹಂಟರ್ ಇಡೀ ತಂಡವನ್ನು ಸಮುದ್ರತೀರದ ಬ್ಲ್ಯಾಕ್‌ಪೂಲ್‌ಗೆ ಕರೆದೊಯ್ದು ಕೆಲವು ದಿನ ಅಲ್ಲೇ ಇರಿಸಿಕೊಂಡರು. ಬೆಳಗ್ಗೆ ಆರಕ್ಕೆ ಹಸಿ ಮೊಟ್ಟೆ ಮತ್ತು ಒಂದು ಲೋಟ ಪೋರ್ಟ್ ವೈನ್, ಆಮೇಲೆ ಮರಳ ಮೇಲೆ ನಡಿಗೆ, ತಿಂಡಿಗೆ ಗಂಜಿ ಮತ್ತು ಮೀನು, ಮಧ್ಯಾಹ್ನ ಕುರಿಯ ತೊಡೆ ಮಾಂಸ, ಸಂಜೆ ಮತ್ತೆ ಗಂಜಿಯೊಂದಿಗೆ ಹಾಲು, ರಾತ್ರಿ ಸಿಂಪಿ ಎಂದು ಆ ದಿನಚರಿಯನ್ನು ವರ್ಣಿಸಲಾಗಿದೆ. ಪಂದ್ಯಕ್ಕಾಗಿ ತಂಡವನ್ನು ಊರಿನಿಂದ ದೂರವಿಟ್ಟು ಸಿದ್ಧಗೊಳಿಸುವುದು ಆಗ ಹೊಸ ವಿಚಾರ. ಇವತ್ತು ತರಬೇತಿ ಶಿಬಿರವಿಲ್ಲದ ತಂಡವೇ ಇಲ್ಲ. ಆ ಹೊಸ ದಾರಿ ತೋರಿದವರಲ್ಲಿ ಮೊದಲಿಗರಾದ ಜ್ಯಾಕ್ ಹಂಟರ್ ಹೆಸರು ಎಷ್ಟು ತರಬೇತುದಾರರಿಗೆ ಗೊತ್ತು, ಹೇಳಿ.

ಈಗ ಹಣದ ಮಾತಿಗೆ ಬರುತ್ತೇನೆ, ಏಕೆಂದರೆ ತಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಅದೇ. ನಿಯಮ ನಿಯಮವೇ, 1885ಕ್ಕೆ ಮುಂಚೆ ಆಟಕ್ಕೆ ಸಂಭಾವನೆ ಕೊಡುವಂತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ನಿಯಮ ಯಾರ ಬದುಕನ್ನು ನೋಡಿ ರೂಪುಗೊಂಡದ್ದು ಎಂದು ಇತಿಹಾಸದ ವಿದ್ಯಾರ್ಥಿಯಾದ ತಾವು ಕೇಳಿಕೊಳ್ಳಬೇಕಿತ್ತು. ಬಟ್ಟೆ ಗಿರಣಿಗಳ ಕೆಲಸ ಶನಿವಾರ ಮಧ್ಯಾಹ್ನ ಎರಡಕ್ಕೆ ನಿಲ್ಲಬೇಕೆಂದು 1850ರ ಕಾರ್ಖಾನೆ ಕಾಯ್ದೆ ವಿಧಿಸಿತು. ಲ್ಯಾಂಕಾಷೈರ್‌ನ ಕಾರ್ಮಿಕರು ಆಟಗಾರರಾದದ್ದೇ ಆ ಒಂದು ಅರ್ಧ ದಿನದ ಬಿಡುವಿನಲ್ಲಿ. ಬ್ಲ್ಯಾಕ್‌ಬರ್ನ್‌ನಿಂದ ಲಂಡನ್ ಸುಮಾರು 200 ಮೈಲಿ. ಈಟನ್ನಿನಲ್ಲಿ ಓದಿದವರಿಗೆ ಅಲ್ಲಿ ಆಡುವುದೆಂದರೆ ಮನೆಯಿಂದ ಮೈದಾನಕ್ಕೆ ಹೋಗಿ ಬರುವಷ್ಟೇ ಶ್ರಮ. ನೇಕಾರನಿಗೆ ಅದು ಕೂಲಿ ಕಳೆದುಕೊಂಡು, ರೈಲು ಚಾರ್ಜು ಹೊಂದಿಸಿಕೊಂಡು ಮಾಡಬೇಕಾದ ಪ್ರಯಾಣ. ಎರಕದ ಕಾರ್ಖಾನೆಯ ಮಾಲೀಕ ಸಿಡ್ನಿ ಯೇಟ್ಸ್ ತಂಡದ ಸಿದ್ಧತೆಗೆ 100 ಪೌಂಡ್ ಕೊಟ್ಟಿದ್ದರು. ಅದು ಇಲ್ಲದಿದ್ದರೆ ಬ್ಲ್ಯಾಕ್‌ಪೂಲ್ ಎಲ್ಲಿಯದು? ಆಸ್ತಿವಂತರು ಬಿಡುವಿನಲ್ಲಿ ಆಡಿದ್ದು ಶುದ್ಧ, ಕೂಲಿಯವರು ಕಳೆದುಕೊಂಡ ಕೂಲಿಗೆ ಬದಲು ನಾಲ್ಕು ಕಾಸು ಪಡೆದದ್ದು ಕಳಂಕ ಎಂಬ ತೀರ್ಪನ್ನು ಲಂಡನ್ನಿನವರು ಕೊಟ್ಟರು ಸರಿ. ಇಷ್ಟು ವರ್ಷಗಳ ಮೇಲೆ ಮೈಸೂರಿನಿಂದ ತಾವೂ ಅದನ್ನೇ ಹೇಳಬೇಕೇ?

ಒಲಿಂಪಿಕ್‌ನ ಗೆಲುವಿಗೆ ನಾಲ್ಕು ವರ್ಷ ಮುಂಚೆ, 1879ರಲ್ಲಿ, ನೆರೆಯ ಡಾರ್ವೆನ್ ಪಟ್ಟಣದ ತಂಡ ಇದೇ ಓಲ್ಡ್ ಈಟೋನಿಯನ್ಸ್ ವಿರುದ್ಧ ಕ್ವಾರ್ಟರ್‌ಫೈನಲ್ ಆಡಿತು. 5–1ರಿಂದ ಹಿಂದಿದ್ದ ಗಿರಣಿ ಕಾರ್ಮಿಕರು ಕೊನೆಯ ಹೊತ್ತಿನಲ್ಲಿ ನಾಲ್ಕು ಗೋಲು ಹೊಡೆದು 5–5 ಮಾಡಿದರು. ಹೆಚ್ಚುವರಿ ಆಟಕ್ಕೆ ಎದುರಾಳಿಗಳು ಒಪ್ಪಲಿಲ್ಲ. ಮರುಪಂದ್ಯಕ್ಕೆ ಲ್ಯಾಂಕಾಷೈರ್‌ಗೆ ಬರಲೂ ಒಪ್ಪಲಿಲ್ಲ. ಊರಿನವರು ಚಂದಾ ಎತ್ತಿ ತಂಡವನ್ನು ಮತ್ತೆ ಲಂಡನ್ನಿಗೆ ಕಳಿಸಿದರು. ಎರಡನೆಯ ಪಂದ್ಯವೂ 2–2ರಲ್ಲಿ ಸಮವಾಯಿತು. ಮೂರನೆಯ ಸಲ ಪ್ರಯಾಣ ಮಾಡಿ ದಣಿದಿದ್ದವರು 6–2ರಿಂದ ಸೋತರು. ಕಪ್ ಎತ್ತಿದವರ ಪಟ್ಟಿಯಲ್ಲಿ ಡಾರ್ವೆನ್ ಹೆಸರು ಎಲ್ಲೂ ಬರುವುದಿಲ್ಲ, ನಿಜ. ಆದರೆ ಉತ್ತರದ ಕಾರ್ಮಿಕರು ಲಂಡನ್ನಿನ ಸರದಾರರಿಗೆ ಸರಿಸಮರು ಎಂದು ಮೊದಲು ತೋರಿಸಿದ್ದು ಆ ಮೂರು ಪಂದ್ಯಗಳು. ಆ ತಂಡದಲ್ಲಿದ್ದ ಗ್ಲಾಸ್ಗೋದ ಕಲ್ಲುಕುಟಿಗ ಫರ್ಗಸ್ ಸೂಟರ್ ಹಣ ಪಡೆದು ಆಡಿದ ಮೊದಲಿಗರಲ್ಲಿ ಒಬ್ಬರೆಂದು ಇಂದು ಸ್ವಲ್ಪ ಮಟ್ಟಿಗೆ ಹೆಸರಾಗಿದ್ದಾರೆ. ಅವರ ಜೊತೆಗೇ ಸ್ಕಾಟ್ಲೆಂಡಿನಿಂದ ಬಂದ ಜಿಮ್ಮಿ ಲವ್ ಸೈನ್ಯ ಸೇರಿ 1882ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡರು. ಅವರ ಹೆಸರು ತೀರ ಈಚಿನವರೆಗೆ ಮಣ್ಣಿನಲ್ಲೇ ಮುಚ್ಚಿಹೋಗಿತ್ತು.

ಕಪ್ ಹಿಡಿದು ಊರಿಗೆ ಮರಳಿದಾಗ ನಡೆದ ಸನ್ಮಾನದಲ್ಲಿ ವಾರ್‌ಬರ್ಟನ್, ಈ ಕಪ್ಪಿಗೆ ಲ್ಯಾಂಕಾಷೈರ್‌ನಲ್ಲಿ ಒಳ್ಳೆಯ ಮನೆ ಸಿಕ್ಕಿದೆ, ಇದು ಇನ್ನೆಂದೂ ಲಂಡನ್ನಿಗೆ ಹಿಂತಿರುಗುವುದಿಲ್ಲ ಎಂದರು. ಉತ್ಸಾಹದ ಮಾತೆಂದು ಅದನ್ನು ಬದಿಗಿಡಬೇಡಿ. ಮುಂದಿನ ಹದಿನೇಳು ವರ್ಷ ಲಂಡನ್ನಿನ ಯಾವ ಕ್ಲಬ್ಬೂ ಆ ಪಂದ್ಯಾವಳಿಯನ್ನು ಗೆಲ್ಲಲಿಲ್ಲ. 1901ರಲ್ಲಿ ಟಾಟನ್‌ಹ್ಯಾಮ್ ಗೆಲ್ಲುವ ಹೊತ್ತಿಗೆ ವಾರ್‌ಬರ್ಟನ್ ಎತ್ತಿದ್ದ ಆ ಮೂಲ ಕಪ್ಪೇ ಇರಲಿಲ್ಲ; ಸುಮಾರು 20 ಪೌಂಡ್ ಬೆಲೆಯ ಆ ಪುಟ್ಟ ಬೆಳ್ಳಿಯ ಕಪ್ 1895ರಲ್ಲಿ ಬರ್ಮಿಂಗ್‌ಹ್ಯಾಮಿನ ಅಂಗಡಿಯೊಂದರ ಕಿಟಕಿಯಿಂದ ಕಳುವಾಗಿ ಮತ್ತೆ ಸಿಗಲಿಲ್ಲ. ಪ್ಲಂಬರ್ ಒಬ್ಬರ ಮಾತು ಅಕ್ಷರಶಃ ನಿಜವಾಯಿತು.

ಇಂಥ ಕ್ಲಬ್ ಏಕೆ ಅಳಿಯಿತು? ಕೆಟ್ಟದಾಗಿ ಆಡಿದ್ದರಿಂದಲ್ಲ; 1884ರಲ್ಲೂ ಅದು ಸೆಮಿಫೈನಲ್ ತಲುಪಿತ್ತು. 1885ರ ಜುಲೈಯಲ್ಲಿ ವೃತ್ತಿಪರ ಆಟಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಕಾರ್ಮಿಕ ಆಟಗಾರರ ಹಕ್ಕನ್ನು ಒಲಿಂಪಿಕ್‌ನ ಗೆಲುವೇ ಮುನ್ನೆಲೆಗೆ ತಂದಿತ್ತು. ಆದರೆ ಒಪ್ಪಿಗೆ ಸಿಕ್ಕ ಮೇಲೆ ಹೆಚ್ಚು ಸಂಬಳ ಕೊಡಬಲ್ಲ ರೋವರ್ಸ್, ಪ್ರೆಸ್ಟನ್ ನಾರ್ತ್ ಎಂಡ್ ಮುಂತಾದ ಕ್ಲಬ್‌ಗಳ ಜೊತೆ ಪೈಪೋಟಿ ಮಾಡುವ ಶಕ್ತಿ ಈ ಬಡ ಕ್ಲಬ್ಬಿಗೆ ಇರಲಿಲ್ಲ. 1888ರಲ್ಲಿ ವಿಲಿಯಂ ಮೆಕ್‌ಗ್ರೆಗರ್ ಅವರ ಮುಂದಾಳತ್ವದಲ್ಲಿ ಫುಟ್‌ಬಾಲ್ ಲೀಗ್ ಹುಟ್ಟಿ ಹನ್ನೆರಡು ಕ್ಲಬ್‌ಗಳನ್ನು ಆರಿಸಿಕೊಂಡಾಗ ಬ್ಲ್ಯಾಕ್‌ಬರ್ನ್‌ನಿಂದ ಕರೆ ಹೋದದ್ದು ರೋವರ್ಸ್‌ಗೆ. ಮರುವರ್ಷ ಒಲಿಂಪಿಕ್ ಮುಚ್ಚಿತು. ಹಂಟರ್ ಅಷ್ಟರಲ್ಲಾಗಲೇ ರೋವರ್ಸ್ ಸೇರಿದ್ದರು. ಬದುಕಿ ಉಳಿದ ಕ್ಲಬ್ಬನ್ನಷ್ಟೇ ನೋಡಿ ಎನ್ನುವ ತಾವು, ಅದು ಉಳಿಯಲು ಬೇಕಾದ ನೆಲವನ್ನು ಹದ ಮಾಡಿದವರು ಯಾರೆಂದು ಗಮನಿಸಲೇ ಇಲ್ಲ.

ಇದು ತಮ್ಮೊಬ್ಬರ ತಪ್ಪಲ್ಲ. ಕ್ರೀಡಾ ಬರವಣಿಗೆಯೇ ಹಾಗಾಗಿದೆ. ಪ್ರೀಮಿಯರ್ ಲೀಗ್ ಶುರುವಾದ 1992ನೇ ಇಸವಿಯಿಂದಲೇ ಫುಟ್‌ಬಾಲ್ ಹುಟ್ಟಿತೇನೋ ಎಂಬಂತೆ ದಾಖಲೆಗಳ ಪಟ್ಟಿ ಹಾಕುವ ಪತ್ರಿಕೆಗಳಿವೆ. ಸ್ವಲ್ಪ ಹಿಂದೆ ಹೋಗುವವರು 1888ರಲ್ಲಿ ನಿಲ್ಲುತ್ತಾರೆ. ಆಟಗಾರನ ಬೆಲೆ ಎಷ್ಟು ಕೋಟಿ ಎಂಬುದು ಬಾಯಿಪಾಠವಾಗಿರುವ ನಮ್ಮ ಹುಡುಗರಿಗೆ ಆಟಗಾರನಿಗೆ ಬೆಲೆ ಕಟ್ಟುವ ಹಕ್ಕು ಹೇಗೆ ಬಂತು ಎಂದು ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ನಾವು, ಪತ್ರಿಕೆಗಳವರು.

ಮರೆವು ಎಲ್ಲರ ಮೇಲೂ ಒಂದೇ ಸಮನಾಗಿ ಕವಿಯುವುದಿಲ್ಲ ಎಂಬುದನ್ನೂ ತಾವು ಗಮನಿಸಬೇಕು. ಇಂದಿನ ಘಾನಾದ ಅಕ್ರಾದಲ್ಲಿ 1865ರಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ 1886ರಲ್ಲಿ 100 ಗಜದ ಓಟವನ್ನು ಹತ್ತು ಸೆಕೆಂಡಿನಲ್ಲಿ ಓಡಿದವರು, ಪ್ರೆಸ್ಟನ್ ನಾರ್ತ್ ಎಂಡ್ ಪರ ಗೋಲ್‌ಕೀಪರ್ ಆಗಿ 1887ರ ಎಫ್.ಎ. ಕಪ್ ಸೆಮಿಫೈನಲ್ ತನಕ ಹೋದವರು, ಆಟವನ್ನೇ ವೃತ್ತಿ ಮಾಡಿಕೊಂಡ ಮೊದಲ ಕಪ್ಪು ಆಟಗಾರರೆಂದು ಇಂದು ಗುರುತಿಸಲ್ಪಟ್ಟವರು. ಕೊನೆಗಾಲದಲ್ಲಿ ಅವರು ಯಾರ್ಕ್‌ಷೈರ್‌ನ ಕಲ್ಲಿದ್ದಲ ಗಣಿಯಲ್ಲಿ ಕೂಲಿ ಮಾಡಿ 1930ರಲ್ಲಿ ತೀರಿಕೊಂಡರು. ಎಡ್ಲಿಂಗ್‌ಟನ್‌ನ ಸ್ಮಶಾನದಲ್ಲಿ ಅವರ ಗೋರಿಗೆ ಹೆಸರಿನ ಕಲ್ಲು ಬಿದ್ದದ್ದು 1997ರಲ್ಲಿ. ಅದೇ ಪ್ರೆಸ್ಟನ್ ಪಟ್ಟಣದ ಕಾರ್ಖಾನೆಯ ಹೆಣ್ಣುಮಕ್ಕಳ ‘ಡಿಕ್, ಕೆರ್’ ತಂಡ 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಆಡಿದಾಗ ಸುಮಾರು 53,000 ಜನ ನೆರೆದಿದ್ದರು. ಮರುವರ್ಷ ಡಿಸೆಂಬರಿನಲ್ಲಿ ಹೆಂಗಸರ ಪಂದ್ಯಗಳಿಗೆ ತನ್ನ ಕ್ಲಬ್‌ಗಳ ಮೈದಾನಗಳನ್ನು ಕೊಡಬಾರದೆಂದು ಫುಟ್‌ಬಾಲ್ ಸಂಸ್ಥೆ ಅಪ್ಪಣೆ ಹೊರಡಿಸಿತು. ಅರ್ಧ ಶತಮಾನ ಆ ಬಾಗಿಲು ಹಾಕಿಯೇ ಇತ್ತು. ಇವರನ್ನು ಜನ ತಾವಾಗಿ ಮರೆತದ್ದಲ್ಲ, ಇವರನ್ನು ಮರೆಸಲಾಯಿತು. ಹಾಗೆ ಮರೆಸಲ್ಪಟ್ಟವರನ್ನು ತೋರಿಸಿ “ಯಾರಿಗೂ ನೆನಪಿಲ್ಲ, ಆದ್ದರಿಂದ ಬರೆಯಬೇಡಿ” ಎನ್ನುವುದು ಯಾವ ನ್ಯಾಯ?

ಆದ್ದರಿಂದ, ಮಾನ್ಯರೇ, ಮಾಲೆಯನ್ನು ನಿಲ್ಲಿಸುವಂತೆ ತಾವು ಮಾಡಿರುವ ಸೂಚನೆಯನ್ನು ಒಪ್ಪಲಾರೆ. ರೋವರ್ಸ್ ಬಗ್ಗೆ ತಾವೇ ಒಂದು ಲೇಖನ ಬರೆದುಕೊಟ್ಟರೆ ಸಂತೋಷದಿಂದ ಪ್ರಕಟಿಸುತ್ತೇನೆ. ಅದರಲ್ಲಿ 1884ರ ಕಪ್ ಗೆದ್ದ ಹನ್ನೊಂದು ಮಂದಿಯ ಹೆಸರಿನ ಜೊತೆಗೆ ಅವರು ಮಾಡುತ್ತಿದ್ದ ಕೆಲಸವನ್ನೂ ಹುಡುಕಿ ಸೇರಿಸಬೇಕೆಂದು ಮಾತ್ರ ಕೇಳಿಕೊಳ್ಳುತ್ತೇನೆ. ಮುಂದಿನ ಸಂಚಿಕೆಯಲ್ಲಿ ಡಾರ್ವೆನ್ ತಂಡದ ಮೂರು ಪಂದ್ಯಗಳ ಕಥೆ ಬರಲಿದೆ, ಅದಕ್ಕೆ ನಾಲ್ಕು ಪುಟ ತೆಗೆದಿಟ್ಟಿದ್ದೇನೆ.

— ಸಂಪಾದಕ