ಜಾತ್ರೆ ಸಾಲಲ್ಲಿ ಬಿದ್ದ ಮಗಳು: ಮಿದುಳಿಗೆ ಪೆಟ್ಟಾಗಿರುತ್ತಾ?

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ದುಗ್ಗಮ್ಮನ ಜಾತ್ರೆಯಲ್ಲಿ ಉಪವಾಸವಿದ್ದು ದರ್ಶನಕ್ಕೆ ಎರಡು ಗಂಟೆ ಸಾಲಲ್ಲಿ ನಿಂತಿದ್ದಳು. ‘ಕಣ್ಣು ಕತ್ತಲೆ ಬರ್ತಿದೆ’ ಅಂದವಳೇ ಕುಸಿದಳು. ಕೈಕಾಲು ಒಂದೆರಡು ಸಲ ಅದುರಿದವು. ಜನ ಕೈಗೆ ಬೀಗದ ಕೈ ಕೊಟ್ಟು ಎತ್ತಿ ನಿಲ್ಲಿಸಿದರು, ಮತ್ತೆ ಬಿದ್ದಳು. ಹಿಂದೆ ರಕ್ತ ಪರೀಕ್ಷೆಯ ಸೂಜಿ ಕಂಡೂ ಬಿದ್ದಿದ್ದಳು. ಇಸಿಜಿ, ಎಕೋ ಸರಿ ಇವೆ. ಡಾಕ್ಟರು ‘ವೇಸೋವೇಗಲ್’ ಅಂದರು. ರಕ್ತ ಹೋಗದೆ ಮಿದುಳಿಗೆ ಪೆಟ್ಟಾಗಿದೆಯಾ? ಸ್ಕ್ಯಾನ್ ಬೇಕಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಗಳು ಬಿದ್ದದ್ದಕ್ಕಿಂತ, ಎತ್ತಿ ನಿಲ್ಲಿಸಿದರು ಅಂದಿರಲ್ಲ ಅಮ್ಮ, ಅದನ್ನು ಓದಿ ನನಗೆ ಜಾಸ್ತಿ ಗಾಬರಿಯಾಯಿತು.

ಮಿದುಳಿನ ತೂಕ ದೇಹದ ನೂರರಲ್ಲಿ 2 ಪಾಲು. ಆದರೆ ಹೃದಯ ತಳ್ಳುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು ಅದಕ್ಕೇ ಬೇಕು. ನಿಮಿಷಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಲೀಟರ್! ಕೂಡಿಟ್ಟುಕೊಂಡು ನಡೆಸುವ ಪೈಕಿಯೂ ಅಲ್ಲ. ಹರಿವು ಆರರಿಂದ ಎಂಟು ಸೆಕೆಂಡ್ ನಿಂತರೆ ಎಚ್ಚರ ತಪ್ಪುತ್ತದೆ.

ಅಲ್ಲಾಡದೆ ನಿಂತಾಗ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಜೊತೆಗೆ ಬಿಸಿಲು, ಉಪವಾಸ. ಕೆಲವರಲ್ಲಿ ಆಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಹೃದಯದ ಬಡಿತ ನಿಧಾನ ಮಾಡಿಬಿಡುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ. ಬಿಪಿ ದಿಢೀರನೆ ಇಳಿಯುತ್ತದೆ. ಡಾಕ್ಟರು ‘ವೇಸೋವೇಗಲ್’ ಅಂದದ್ದು ಇದಕ್ಕೇ. ಸೂಜಿ ಕಂಡಾಗಲೂ ಇದೇ ಕಥೆ. ಮೊದಲು ಸೋಲುವುದು ಕಣ್ಣು. ಕಣ್ಣೊಳಗೆ ಅದರದ್ದೇ ಒತ್ತಡ ಇದೆ, ಇಳಿದ ಬಿಪಿಗೆ ಅದನ್ನು ಮೀರಿ ರಕ್ತ ನುಗ್ಗಿಸಲು ಆಗುವುದಿಲ್ಲ. ‘ಕಣ್ಣು ಕತ್ತಲೆ’ ಅನ್ನೋದು ಸುಮ್ನೆ ಮಾತಲ್ಲ.

ಇನ್ನು ಬೀಳುವುದು. ಇದಕ್ಕೆ ಅದೇ ಮದ್ದು! ಮಲಗಿದರೆ ತಲೆ, ಹೃದಯ ಒಂದೇ ಮಟ್ಟಕ್ಕೆ ಬರುತ್ತವೆ, ರಕ್ತ ಮೇಲೆ ಹತ್ತಬೇಕಿಲ್ಲ. ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಎಚ್ಚರ ಬರುತ್ತದೆ. ಇಷ್ಟರಲ್ಲಿ ಮಿದುಳಿಗೇನೂ ಆಗುವುದಿಲ್ಲ. ಬೀಳುವಾಗ ತಲೆಗೆ ಏಟಾಗಿಲ್ಲ ಅಂದರೆ ಸ್ಕ್ಯಾನ್ ಬೇಡ, ದುಡ್ಡು ಉಳಿಸಿ. ಎತ್ತಿ ನಿಲ್ಲಿಸಿದಿರೋ, ಬರುತ್ತಿದ್ದ ರಕ್ತವನ್ನು ಮತ್ತೆ ಕೆಳಗೆ ಕಳಿಸಿದ ಹಾಗೆ. ಒಂದೆರಡು ಸಲ ಅದುರುವುದು ಇದರಲ್ಲಿ ಮಾಮೂಲು. ಅಷ್ಟಕ್ಕೇ ಫಿಟ್ಸ್ ಅಂತ ಹೆಸರಿಡಬೇಡಿ. ಬೀಗದ ಕೈಯಿಂದ ಲಾಭವಿಲ್ಲ. ಬಾಯಿಗೆ ಮಾತ್ರ ಏನೂ ತುರುಕಬೇಡಿ, ಪೂರ್ತಿ ಎಚ್ಚರವಾಗುವ ತನಕ ನೀರು ಕೂಡ ಬೇಡ.

‘ಜೋರಾಗಿ ಉಸಿರು ಎಳ್ಕೋ’ ಅನ್ನುವವರೂ ಇರುತ್ತಾರೆ, ಅಲ್ವಾ? ಅದೂ ತಪ್ಪು. ಬುಸುಬುಸು ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಇನ್ನಷ್ಟು ಸಣ್ಣವಾಗುತ್ತವೆ.

ಕಣ್ಣು ಮಂಜಾದ ಕೂಡಲೇ ನಾಚಿಕೆ ಬಿಟ್ಟು ನೆಲದ ಮೇಲೆ ಮಲಗಲಿ. ಜಾಗವಿಲ್ಲದಿದ್ದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿಯಲಿ, ಕೈ ಮುಷ್ಟಿ ಹಿಡಿಯಲಿ. ಓದುವ ಕಾಲದಲ್ಲಿ ಆಪರೇಷನ್ ಥಿಯೇಟರಿನಲ್ಲಿ ನಾನೂ ಒಮ್ಮೆ ಬಿದ್ದವನೇ. ಇಂದಿಗೂ ಆರತಕ್ಷತೆಯ ಸಾಲಲ್ಲಿ ಕತ್ತರಿಗಾಲಲ್ಲೇ ನಿಲ್ಲುತ್ತೇನೆ. ಸಾಲಿಗೆ ಹೋಗುವ ಮುಂಚೆ ಎರಡು ದೊಡ್ಡ ಲೋಟ ನೀರು, ಹೊಟ್ಟೆಗೆ ಒಂದಿಷ್ಟು ಮಂಡಕ್ಕಿಯಾದರೂ ಇರಲಿ.

ಓಡುವಾಗ, ಮಲಗಿದ್ದಾಗ ಅಥವಾ ಯಾವ ಸೂಚನೆಯೂ ಇಲ್ಲದೆ ಎಚ್ಚರ ತಪ್ಪಿದರೆ, ಎದೆ ಡವಡವ ಅಂದು ಬಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ ಸತ್ತವರಿದ್ದರೆ ವಿಷಯ ಬೇರೆ. ಆಗ ಹಳೆಯ ಇಸಿಜಿ ನಂಬಿಕೊಂಡು ಕೂರದೆ ಹೃದಯದ ಡಾಕ್ಟರಿಗೆ ಮತ್ತೆ ತೋರಿಸಿ.